ವಿಮಾನದ ನಿಮಿಷ ಸಾಕು, ಮನೆಯಿಂದ ಗೇಟಿಗೆ ಎಷ್ಟು ಹೊತ್ತು ಅಂತ ಬರೀರಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಅಂಕೋಲಾದ ಅಲಗೇರಿಯಲ್ಲಿ ಮಾಡ್ಬೇಕು ಅಂತಿರೋ ವಿಮಾನ ನಿಲ್ದಾಣದ ಸುದ್ದಿ ಬಂದಾಗೆಲ್ಲ ಪಕ್ಕದಲ್ಲೊಂದು ಸಣ್ಣ ಬಾಕ್ಸ್ ಇರ್ತದೆ, ಗೋವಾ ಇಷ್ಟು ಕಿಲೋಮೀಟರ್, ಹುಬ್ಬಳ್ಳಿ ಇಷ್ಟು, ಮಂಗಳೂರು ಇಷ್ಟು, ಹಾರೋಕೆ ಹತ್ತು ನಿಮಿಷ, ಹದಿನೈದು ನಿಮಿಷ ಅಂತ. ಆ ಬಾಕ್ಸಿನ ಫೋಟೋ ತೆಗೆದು ವಾಟ್ಸಾಪಲ್ಲಿ ಎರಡೂ ಕಡೆಯವರು ಹಂಚ್ತಾರೆ. ನಿಲ್ದಾಣ ಬೇಕು ಅನ್ನೋರು ನೋಡಿ ಹುಬ್ಬಳ್ಳಿಗೆ ಹದಿನೈದೇ ನಿಮಿಷ ಅಂತಾರೆ, ಬೇಡ ಅನ್ನೋರು ತೊಂಬತ್ತು ಕಿಲೋಮೀಟರಲ್ಲಿ ಗೋವಾ ಇರುವಾಗ ಇನ್ನೊಂದು ಯಾಕೆ ಅಂತಾರೆ. ನಾನು ಕುಮಟಾದಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ನಡೆಸೋನು, ಬಸ್ಸು ರೈಲು ವಿಮಾನ ಮೂರೂ ಮಾಡ್ತೇನೆ, ಏರ್‌ಪೋರ್ಟಿಗೆ ಕಾರು ಬೇಕು ಅಂದ್ರೆ ಅದನ್ನೂ ಗೊತ್ತು ಮಾಡಿ ಕೊಡ್ತೇನೆ. ಈ ಲೆಕ್ಕ ನಂಬಿ ಬರೋ ಜನರ ಎದುರಿಗೆ ದಿನಾ ಕೂತಿರೋನು ನಾನು, ಹಾಗಾಗಿ ಬರೀಲೇಬೇಕು ಅನ್ನಿಸ್ತು. ಪತ್ರ ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಮೊದಲು ಒಂದು ಮಾತು, ಆ ಬಾಕ್ಸಿನ ಸಂಖ್ಯೆ ಸುಳ್ಳಲ್ಲ. ಅಲಗೇರಿಯಿಂದ ಗೋವಾದ ದಾಬೋಲಿಂ ಏರ್‌ಪೋರ್ಟು ತೊಂಬತ್ತು ಕಿಲೋಮೀಟರ್ ಆಸುಪಾಸು, ಹುಬ್ಬಳ್ಳಿ ನೂರಾ ಹದಿನೈದರ ಹತ್ರ, ಮಂಗಳೂರಿನ ಬಜ್ಪೆ ಇನ್ನೂರರ ಹತ್ರ. ಆದ್ರೆ ಇದೆಲ್ಲ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದ ದೂರ. ಆ ಗೆರೆ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಓಡಾಡೋಲ್ಲ. ನಮ್ಮದು ಒಂದೋ ಘಟ್ಟ ಹತ್ತೋದು, ಇಲ್ಲಾ ಹೊಳೆ ದಾಟೋದು, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದಾದ ಮೇಲೊಂದು. ಕಾರವಾರದಿಂದ ಹುಬ್ಬಳ್ಳಿ ಏರ್‌ಪೋರ್ಟಿಗೆ ಗೆರೆ ಎಳೆದ್ರೆ 120 ಕಿಲೋಮೀಟರ್, ಕಾರು ಹತ್ತಿ ಹೋದ್ರೆ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ, ಕಲಘಟಗಿ ದಾಟಿ 165ರ ಮೇಲೇ ಆಗ್ತದೆ. ಮಂಗಳೂರು ಏರ್‌ಪೋರ್ಟಿಂದ ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಗೆ ಗೆರೆ ಎಳೆದ್ರೆ 125 ಕಿಲೋಮೀಟರ್ ಚಿಲ್ಲರೆ, ರಸ್ತೆಯಲ್ಲಿ ಇನ್ನೂರರ ಹತ್ರ, ಮಧ್ಯೆ ಆಗುಂಬೆ ಘಾಟಿ. ಬಯಲುಸೀಮೆಯವರಿಗೆ ಗೆರೆಗೂ ರಸ್ತೆಗೂ ಅಷ್ಟೇನು ಫರಕ್ ಇರೋಲ್ಲ, ನಮಗೆ ಸಹ್ಯಾದ್ರಿ ಅಡ್ಡ ನಿಂತಿದೆ.

ಈಗ ಹಾರೋ ಹೊತ್ತಿನ ವಿಷಯಕ್ಕೆ ಬರ್ತೇನೆ, ಯಾಕಂದ್ರೆ ಇದ್ರಲ್ಲೇ ಜಾಸ್ತಿ ಜನ ಮೋಸ ಹೋಗೋದು. ಹತ್ತಿರ ಹತ್ತಿರ ಇರೋ ಎರಡು ಏರ್‌ಪೋರ್ಟ್ ತಗೊಳ್ಳಿ, ಹುಬ್ಬಳ್ಳಿ ಮತ್ತು ಬೆಳಗಾವಿಯ ಸಾಂಬ್ರಾ. ಗೆರೆ ದೂರ 75 ಕಿಲೋಮೀಟರ್. ವಿಮಾನ ಗಂಟೆಗೆ 800 ಕಿಲೋಮೀಟರ್ ಹೋಗ್ತದೆ ಅಂತ ಎಲ್ಲೋ ಓದಿ ಭಾಗಾಕಾರ ಮಾಡಿದ್ರೆ ಆರು ನಿಮಿಷ ಬರ್ತದೆ. ಇಂಟರ್ನೆಟ್ಟಲ್ಲಿ ದೂರ ಲೆಕ್ಕ ಹಾಕಿ ಕೊಡೋ ಸೈಟುಗಳಲ್ಲಿ ನೋಡಿದ್ರೆ ಮೂವತ್ತಾರು ನಿಮಿಷ ಅಂತ ತೋರಿಸಬಹುದು, ಯಾಕಂದ್ರೆ ಅಂಥ ಕೆಲವು ಸೈಟಿನವರು ಆ ಆರು ನಿಮಿಷಕ್ಕೆ ಏರೋದಕ್ಕೆ ಇಳಿಯೋದಕ್ಕೆ ಅಂತ ಅಂದಾಜಿಗೆ ಅರ್ಧ ಗಂಟೆ ಕೂಡಿಸಿ ಬಿಟ್ಟಿರ್ತಾರೆ. ಯಾವ ಎರಡು ಊರು ಹಾಕಿದ್ರೂ ಅದು ಉತ್ತರ ಕೊಡ್ತದೆ, ಆ ಎರಡು ಊರಿನ ಮಧ್ಯೆ ವಿಮಾನವೇ ಇಲ್ಲದೇ ಇದ್ರೂ ಕೊಡ್ತದೆ. ಅದನ್ನ ನೋಡಿದ ಜನ ಅಂಗಡಿಗೆ ಬಂದು ಆ ವಿಮಾನಕ್ಕೆ ಟಿಕೆಟ್ ಮಾಡಿ ಅಂತಾರೆ. ಇಲ್ಲ ಅಂದ್ರೆ ಮೊಬೈಲ್ ತೋರಿಸ್ತಾರೆ, ಇಲ್ಲಿ ಟೈಮ್ ಸಮೇತ ಇದ್ಯಲ್ಲ ಅಂತ.

ನಿಜವಾಗಿ ವಿಮಾನ ಏನು ಮಾಡ್ತದೆ ಅಂದ್ರೆ, ಬಾಗಿಲು ಹಾಕಿ ಚಕ್ರದ ಅಡ್ಡಗಟ್ಟೆ ತೆಗೆದ ಗಳಿಗೆಯಿಂದ ಟೈಮ್ ಶುರು ಆಗ್ತದೆ, ಆ ಕಡೆ ಹೋಗಿ ನಿಂತು ಮತ್ತೆ ಅಡ್ಡಗಟ್ಟೆ ಹಾಕೋವರೆಗೆ. ಟಿಕೆಟ್ ಮೇಲೆ ಇರೋ ಟೈಮ್ ಇದು, ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ಎಂಜಿನ್ ಸ್ಟಾರ್ಟ್, ರನ್‌ವೇವರೆಗೆ ನೆಲದ ಮೇಲೆ ಉರುಳ್ತಾ ಹೋಗೋದು, ಟವರಿನ ಅನುಮತಿಗೆ ಕಾಯೋದು, ಮುಂದೆ ಇನ್ನೊಂದು ವಿಮಾನ ಇಳೀತಿದ್ರೆ ಅದಕ್ಕೆ ಜಾಗ ಬಿಡೋದು, ಇಷ್ಟರಲ್ಲೇ ಐದೋ ಹತ್ತೋ ನಿಮಿಷ ಹೋಯ್ತು, ಇನ್ನೂ ನೆಲ ಬಿಟ್ಟಿಲ್ಲ. ಎದ್ದ ಮೇಲೆ ಹತ್ತು ಸಾವಿರ ಅಡಿ ಒಳಗೆ ಸಾಮಾನ್ಯವಾಗಿ 250 ನಾಟ್ ಮೀರಿ ಓಡ್ಸೋ ಹಾಗಿಲ್ಲ, ಅಂದ್ರೆ ಗಂಟೆಗೆ 460 ಕಿಲೋಮೀಟರ್ ಆಸುಪಾಸು. ಆ 800ರ ವೇಗ ಬರೋದು ಮೂವತ್ತು ಸಾವಿರ ಅಡಿ ಮೇಲೆ ಹೋದ ಮೇಲೆ. ಇಳಿಯೋಕೆ ಪೈಲಟ್‌ಗಳ ಒಂದು ಬಾಯಿಲೆಕ್ಕ ಇದೆ, ಪ್ರತೀ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ಅಂದ್ರೆ ಐದೂವರೆ ಕಿಲೋಮೀಟರ್ ದೂರ ಬೇಕು. ಹತ್ತು ಸಾವಿರ ಅಡಿಯಿಂದ ಮೆತ್ತಗೆ ಇಳೀಬೇಕು ಅಂದ್ರೆ 55 ಕಿಲೋಮೀಟರ್ ಮೊದಲೇ ಇಳಿಯೋಕೆ ಶುರು ಮಾಡ್ಬೇಕು. ಹತ್ತು ಸಾವಿರ ಅಡಿ ಏರೋಕೇ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಹೋಗಿರ್ತದೆ. ಎರಡೂ ಕೂಡಿಸಿ, 75 ದಾಟಿ ಹೋಯ್ತು. ಅಂದ್ರೆ ಹುಬ್ಬಳ್ಳಿಯಿಂದ ಬೆಳಗಾವಿಗೆ ಹಾರೋ ವಿಮಾನ ಹತ್ತು ಸಾವಿರ ಅಡಿಯನ್ನೂ ಸರಿಯಾಗಿ ಮುಟ್ಟೋಲ್ಲ, ತನ್ನ ಪೂರಾ ವೇಗಕ್ಕೆ ಯಾವತ್ತೂ ಬರೋಲ್ಲ, ಏರೋದು ಮುಗಿಯೋ ಮೊದಲೇ ಇಳಿಯೋ ಕೆಲಸ ಹಿಡಿಬೇಕು. ಮೇಲಿಂದ ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ ರನ್‌ವೇಯ ಯಾವ ತುದಿಯಿಂದ ಇಳೀಬೇಕು ಅಂತ ಟವರ್ ಹೇಳ್ತದೆ, ಆಚೆ ತುದಿ ಅಂದ್ರೆ ಸುತ್ತು ಹೊಡೀಬೇಕು. ಎಲ್ಲ ಸೇರಿಸಿ ಟಿಕೆಟ್ ಮೇಲೆ ಬರೆಯೋದು ಮುಕ್ಕಾಲು ಗಂಟೆ ಹತ್ರಾನೇ. ಅಷ್ಟು ಹೊತ್ತಿಗೆ ಧಾರವಾಡ ದಾಟಿ ಕಿತ್ತೂರಿನ ಕಡೆ ಕಾರಲ್ಲಿ ಅರ್ಧ ದಾರಿ ಹೋಗಿರ್ತೀವಿ, ಅದೂ ಚೆಕ್-ಇನ್, ಸೆಕ್ಯುರಿಟಿ, ಬ್ಯಾಗು ಕಾಯೋದು ಯಾವುದೂ ಇಲ್ಲದೇ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಅನ್ನೋ ದ್ವೀಪದಿಂದ ಪಾಪಾ ವೆಸ್ಟ್ರೆಗೆ 2.7 ಕಿಲೋಮೀಟರಿಗೆ ವಿಮಾನ ಉಂಟು, ಟೈಮ್‌ಟೇಬಲ್ಲಲ್ಲಿ ಎರಡು ನಿಮಿಷ, ಗಾಳಿ ಅನುಕೂಲ ಆದ್ರೆ ಒಂದು ನಿಮಿಷದ ಒಳಗೂ ಮುಟ್ಟಿದ್ದುಂಟು, ಪ್ರಪಂಚದ ಅತೀ ಸಣ್ಣ ವಿಮಾನ ಪ್ರಯಾಣ ಅಂತ ಅದಕ್ಕೆ ಹೆಸರು. ಇದನ್ನ ತೋರಿಸಿ ನಮ್ಮಲ್ಲೂ ಆಗ್ತದಲ್ಲ ಅಂತ ಕೇಳೋರಿದ್ದಾರೆ. ಅದು ಎಂಟ್ಹತ್ತು ಸೀಟಿನ ಪುಟ್ಟ ವಿಮಾನ, ಮಧ್ಯೆ ಸಮುದ್ರ, ಸೇತುವೆ ಇಲ್ಲ. ನಮ್ಮ ನಿಲ್ದಾಣಗಳಿಗೆ ಬರೋದು ಎಪ್ಪತ್ತು ಸೀಟಿನ ಎಟಿಆರ್, ಇಲ್ಲಾ ನೂರೆಂಬತ್ತು ಸೀಟಿನ ಜೆಟ್. ಜೆಟ್ಟಿಗೆ ಸಣ್ಣ ದೂರ ಅಂದ್ರೆ ಬರೀ ನಷ್ಟ. ಇಂಧನ ಹೆಚ್ಚು ಸುಡೋದು ಏರುವಾಗ. ವಿಮಾನದ ಸವೆತದ ಲೆಕ್ಕದಲ್ಲಿ ಎಷ್ಟು ಸಲ ಎದ್ದು ಎಷ್ಟು ಸಲ ಇಳೀತು ಅನ್ನೋದು ದೊಡ್ಡದು, ನೂರು ಕಿಲೋಮೀಟರ್ ಹಾರಿದ್ರೂ ಒಂದೇ, ಸಾವಿರ ಹಾರಿದ್ರೂ ಒಂದೇ. ಇಳಿಯೋದಕ್ಕೆ ನಿಲ್ದಾಣದವರು ಹಾಕೋ ಚಾರ್ಜು ವಿಮಾನದ ತೂಕ ನೋಡಿ ಹಾಕೋದು, ಎಷ್ಟು ದೂರದಿಂದ ಬಂತು ಅಂತ ರಿಯಾಯಿತಿ ಇಲ್ಲ. ಕೇಂದ್ರದವರು 2016ರಲ್ಲಿ ಸಣ್ಣ ಊರುಗಳಿಗೆ ಕಮ್ಮಿ ದರದಲ್ಲಿ ವಿಮಾನ ಬಿಡೋ ಉಡಾನ್ ಯೋಜನೆ ತಂದಾಗ್ಲೂ ರಿಯಾಯಿತಿ ಕೊಡೋ ಮಾರ್ಗ 200ರಿಂದ 800 ಕಿಲೋಮೀಟರ್ ಇರ್ಬೇಕು ಅಂತ ಇಟ್ಟಿದ್ರು, ಗುಡ್ಡಗಾಡು, ದ್ವೀಪ, ಭದ್ರತೆ ದೃಷ್ಟಿಯಿಂದ ಸೂಕ್ಷ್ಮವಾದ ಜಾಗ ಅಂಥ ಕಡೆ ಮಾತ್ರ ಕೆಳಗಿನ ಮಿತಿ ಬಿಟ್ಟಿದ್ರು. ಸುಮ್ಮನೆ ಇಟ್ಟಿದ್ದಲ್ಲ ಅದು. ಹುಬ್ಬಳ್ಳಿ ಗೋವಾ ನಡುವೆ, ಗೆರೆ ದೂರ 135 ಕಿಲೋಮೀಟರ್, ಕೆಲವು ವರ್ಷದ ಹಿಂದೆ ವಿಮಾನ ಹಾರಿದ್ದು ನಮಗೆಲ್ಲ ನೆನಪಿದೆ. ಮೈಸೂರು ಬೆಂಗಳೂರು ಮಧ್ಯೆ ಕೂಡ ಹಾರಿವೆ, ಒಂದು ಕಂಪನಿ ಬಿಟ್ಟ ಮೇಲೆ ಇನ್ನೊಂದು ಬಂದು ನೋಡಿದೆ. ಇಂಥ ಸಣ್ಣ ದೂರದ ವಿಮಾನ ಶುರು ಆಗುವಾಗ ಹೂವಿನ ಹಾರ, ದೀಪ, ಫೋಟೋ ಎಲ್ಲ ಇರ್ತದೆ, ನಿಲ್ಲುವಾಗ ಒಂದು ಸಾಲು ಸುದ್ದಿಯೂ ಬರೋಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ, ಹತ್ತಿರದ ಎರಡು ಏರ್‌ಪೋರ್ಟ್ ಮಧ್ಯೆ ವಿಮಾನ ಎಷ್ಟು ನಿಮಿಷಕ್ಕೆ ಹಾರ್ತದೆ ಅನ್ನೋದು ನಮಗೆ ಯಾವ ಉಪಯೋಗಕ್ಕೂ ಬರೋಲ್ಲ. ನಮಗೆ ಬೇಕಾದ್ದು ಮನೆ ಬಾಗಿಲಿಂದ ಏರ್‌ಪೋರ್ಟಿನ ಗೇಟಿಗೆ ಮಳೆಗಾಲದಲ್ಲಿ ಎಷ್ಟು ಹೊತ್ತು ಅನ್ನೋ ಲೆಕ್ಕ.

ಒಂದು ಉದಾಹರಣೆ ಕೊಡ್ತೇನೆ, ಕಾರವಾರದವರು ಬೆಂಗಳೂರಿಗೆ ಹೋಗ್ಬೇಕು ಅಂತ ಇಟ್ಕೊಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಗೆರೆ ದೂರ 370 ಕಿಲೋಮೀಟರ್, ದಾಬೋಲಿಂನಿಂದ 480. ನೂರಾ ಹತ್ತು ಕಿಲೋಮೀಟರ್ ಜಾಸ್ತಿ. ಆದ್ರೆ ಆ ನೂರಾ ಹತ್ತನ್ನ ವಿಮಾನ ಮೇಲಿನ ವೇಗದಲ್ಲಿ ಮುಗಿಸೋದ್ರಿಂದ ಟಿಕೆಟ್ ಮೇಲೆ ವ್ಯತ್ಯಾಸ ಹತ್ತು ನಿಮಿಷ ಅಷ್ಟೇ, ಎರಡೂ ಒಂದೂಕಾಲು ಗಂಟೆಯ ಆಚೀಚೆ. ಕೆಳಗೆ ರಸ್ತೆಯಲ್ಲಿ ನೋಡಿದ್ರೆ ದಾಬೋಲಿಂಗೆ ಕಾರವಾರದಿಂದ ತೊಂಬತ್ತು ಕಿಲೋಮೀಟರ್, ಪೋಳೆ ಚೆಕ್‌ಪೋಸ್ಟ್, ಕಾಣಕೋಣ, ಕರ್ಮಲ್ ಘಾಟ್, ಮಡಗಾಂವ್, ಎರಡು ಎರಡೂವರೆ ಗಂಟೆ. ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಿ ನಾಲ್ಕು ಗಂಟೆ. ಎಲ್ಲ ನಿರ್ಧಾರ ಆಗೋದು ರಸ್ತೆಯಲ್ಲಿ, ಆಕಾಶದಲ್ಲಿ ಅಲ್ಲ. ಅದೇ ಶಿರಸಿಯವರಿಗೆ ಉಲ್ಟಾ, ಅವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರ್ ಚಿಲ್ಲರೆ, ಗೋವಾ ಅಂದ್ರೆ ಘಟ್ಟ ಇಳಿದು ಕರಾವಳಿ ಉದ್ದಕ್ಕೂ ಹೋಗಿ ಇನ್ನೂರರ ಮೇಲೆ. ಭಟ್ಕಳದವರು, ಅದ್ರಲ್ಲೂ ಗಲ್ಫಲ್ಲಿ ಕೆಲಸ ಮಾಡೋರು, ಮಂಗಳೂರು ಬಿಟ್ಟು ಬೇರೆ ಯೋಚ್ನೆ ಮಾಡೋದು ಕಮ್ಮಿ. ಸಿದ್ದಾಪುರದವರಿಗೆ ಸಾಗರದ ಮೇಲೆ ಶಿವಮೊಗ್ಗ ಹತ್ರ ಆಗ್ತದೆ, 2023ರಲ್ಲಿ ಅಲ್ಲಿ ನಿಲ್ದಾಣ ಶುರು ಆದ್ಮೇಲೆ. ಹಳಿಯಾಳ, ದಾಂಡೇಲಿ, ಮುಂಡಗೋಡದವರಿಗೆ ಹುಬ್ಬಳ್ಳಿ ಅಂಗಳದ ಹಾಗೆ. ಹನ್ನೆರಡು ತಾಲ್ಲೂಕಿನ ಒಂದು ಜಿಲ್ಲೆಗೆ ನಾಲ್ಕು ದಿಕ್ಕಲ್ಲಿ ನಾಲ್ಕು ಹತ್ತಿರದ ಏರ್‌ಪೋರ್ಟ್ ಇರುವಾಗ "ಉತ್ತರ ಕನ್ನಡಕ್ಕೆ ಹತ್ತಿರದ ವಿಮಾನ ನಿಲ್ದಾಣ ಗೋವಾ, ಇಷ್ಟು ಕಿಮೀ" ಅಂತ ಒಂದೇ ಸಾಲು ಬರೆದ್ರೆ ಅದು ಯಾರಿಗೆ ಬರೆದದ್ದು ಹೇಳಿ.

ಮಧ್ಯೆ ಸಿಕ್ಕಿಬೀಳೋರು ನಾವು ಕುಮಟಾ ಹೊನ್ನಾವರ ಗೋಕರ್ಣದವರು. ನಮಗೆ ಗೋವಾನೂ ನೂರಾ ಅರವತ್ತು, ಹುಬ್ಬಳ್ಳಿನೂ ಹೆಚ್ಚುಕಮ್ಮಿ ಅಷ್ಟೇ, ಮಂಗಳೂರು ಇನ್ನೂರರ ಆಸುಪಾಸು. ಯಾವುದು ಹಿಡಿದ್ರೂ ಮೂರೂವರೆ ನಾಲ್ಕು ಗಂಟೆ. ಅಲ್ಲಿ ಕೌಂಟರ್ ಒಂದು ಗಂಟೆ ಮೊದಲೇ ಕ್ಲೋಸ್ ಆಗೋದ್ರಿಂದ ಒಂದೂವರೆ ಗಂಟೆ ಮೊದಲು ಮುಟ್ಲೇಬೇಕು. ಬೆಂಗಳೂರಲ್ಲಿ ಇಳಿದು ಬ್ಯಾಗ್ ತಗೊಂಡು ದೇವನಹಳ್ಳಿಯಿಂದ ಊರೊಳಗೆ ಹೋಗೋಕೆ ಮತ್ತೆ ಒಂದೂವರೆ ಗಂಟೆ. ಕೂಡಿಸಿದ್ರೆ ಎಂಟು ಗಂಟೆಯ ಪ್ರಯಾಣ, ಅದ್ರಲ್ಲಿ ವಿಮಾನ ಗಾಳಿಯಲ್ಲಿ ಇರೋದು ಒಂದು ಗಂಟೆಗೂ ಕಮ್ಮಿ. ರಾತ್ರಿ ಸ್ಲೀಪರ್ ಬಸ್ಸಿಗೆ ಹತ್ತಿ ಮಲಗಿದ್ರೆ ಬೆಳಿಗ್ಗೆ ಮೆಜೆಸ್ಟಿಕ್. ನಾನು ವಿಮಾನದ ಟಿಕೆಟ್ ಮಾರೋನೇ, ಆದ್ರೂ ವಯಸ್ಸಾದವರು, ಕಾಯಿಲೆಯವರು ಬಂದು ಕೇಳಿದ್ರೆ ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸ್ತೇನೆ, ತೋರಿಸಿದ ಮೇಲೆ ಅವ್ರಿಗೇ ಬಿಡ್ತೇನೆ.

ಗೋವಾ ಅಂತ ಬರೆಯುವಾಗ ಯಾವ ಗೋವಾ ಅಂತ ಬರೀದೇ ಇರೋದು ಇನ್ನೊಂದು ದೊಡ್ಡ ಸಮಸ್ಯೆ. ದಾಬೋಲಿಂ ಒಂದು, ಅದು ನೌಕಾಪಡೆಯ ಐಎನ್‌ಎಸ್ ಹಂಸದ ಜಾಗದಲ್ಲಿರೋದು, ಕೋಡ್ ಜಿಓಐ. 2023ರ ಜನವರಿಯಿಂದ ವಿಮಾನ ಶುರು ಆದ ಮೋಪಾ ಇನ್ನೊಂದು, ಮನೋಹರ್ ಪರ್ರೀಕರ್ ಹೆಸರಿಟ್ಟಿದ್ದು, ಕೋಡ್ ಜಿಓಎಕ್ಸ್, ಅದು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿದೆ. ಗೆರೆ ಎಳೆದ್ರೆ ಎರಡರ ಮಧ್ಯೆ ನಲವತ್ತೇ ಕಿಲೋಮೀಟರ್. ಯಾವ ವಿಮಾನವೂ ಇದ್ರಿಂದ ಅದಕ್ಕೆ ಪ್ರಯಾಣಿಕರನ್ನ ಹೊತ್ತು ಹಾರೋಲ್ಲ. ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸು, ಜುವಾರಿ ದಾಟಿ, ಪಣಜಿ ಟ್ರಾಫಿಕ್ ದಾಟಿ, ಮಾಂಡವಿ ದಾಟಿ ಹೋಗ್ಬೇಕು, ಒಂದೂವರೆ ಗಂಟೆ. ಕೆಲವು ಕಂಪನಿಗಳು ದಾಬೋಲಿಂ ಬಿಟ್ಟು ಮೋಪಾಕ್ಕೆ ಹೋದವು. ಮ್ಯಾಪಿನ ಮೇಲೆ ನಲವತ್ತು ಕಿಲೋಮೀಟರ್ ಸರಿದಿದ್ದು ಅಷ್ಟೇ, ಆದ್ರೆ ಕಾರವಾರದವನಿಗೆ ಹೋಗೋಕೊಂದು ಗಂಟೆ ಬರೋಕೊಂದು ಗಂಟೆ ಜಾಸ್ತಿ ಆಯ್ತು, ಕಾರಿನ ಬಾಡಿಗೆ ಬೇರೆ.

ನಮ್ಮ ಕಡೆಯ ಹುಡುಗನೊಬ್ಬ ಗಲ್ಫಿಂದ ಬರುವಾಗ ಅಲ್ಲೇ ಯಾವುದೋ ಆಪಲ್ಲಿ ತಾನೇ ಟಿಕೆಟ್ ಮಾಡ್ಕೊಂಡಿದ್ದ, ಗೋವಾ ಅಂತ ಹಾಕಿದ್ದಾನೆ, ಕಮ್ಮಿ ರೇಟು ಬಂದಿದೆ, ಒತ್ತಿದ್ದಾನೆ. ಅಪ್ಪನಿಗೆ ಫೋನಲ್ಲಿ ಗೋವಾಕ್ಕೆ ಬರ್ತೇನೆ ಕಾರು ಕಳಿಸಿ ಅಂದಿದ್ದಾನೆ. ಅಪ್ಪ ನನ್ನತ್ರ ಬಂದು ಗೋವಾಕ್ಕೆ ಕಾರು ಅಂದ್ರು, ಯಾವ ಗೋವಾ ಅಂತ ಕೇಳಿದ್ರೆ ದಾಬೋಲಿಂ ಅಲ್ವೋ, ಇಷ್ಟು ವರ್ಷ ಅಲ್ಲೇ ಅಲ್ವಾ ಬರೋದು ಅಂದ್ರು. ಟಿಕೆಟ್ ಅವರ ಹತ್ರ ಇಲ್ಲ. ಬೆಳಗಿನ ಜಾವ ಡ್ರೈವರು ದಾಬೋಲಿಂನ ಅರೈವಲ್ ಗೇಟಲ್ಲಿ ಹೆಸರಿನ ಬೋರ್ಡ್ ಹಿಡ್ಕೊಂಡು ನಿಂತಿದ್ದಾನೆ, ಹುಡುಗ ಮೋಪಾದ ಅರೈವಲ್ ಗೇಟಲ್ಲಿ ಎರಡು ದೊಡ್ಡ ಬ್ಯಾಗ್ ಮತ್ತೆ ಒಂದು ಟೇಪ್ ಸುತ್ತಿದ ರಟ್ಟಿನ ಡಬ್ಬಿ ಇಟ್ಕೊಂಡು ನಿಂತಿದ್ದಾನೆ. ಇಬ್ರೂ ಫೋನಲ್ಲಿ "ಅಣ್ಣಾ ನಾನು ಗೇಟ್ ಎದುರಿಗೇ ಇದ್ದೇನೆ, ನೀವೆಲ್ಲಿ" ಅಂತ ಕೂಗಾಡ್ತಿದ್ದಾರೆ. ಇಬ್ರಿಗೂ ಬಿಳಿ ಕಾರು ಕಾಣ್ತಿದೆ, ಇಬ್ರಿಗೂ ಟ್ಯಾಕ್ಸಿ ಕೌಂಟರ್ ಕಾಣ್ತಿದೆ. ಗೊತ್ತಾಗೋಕೇ ಸುಮಾರು ಹೊತ್ತು ಹಿಡೀತು. ಅಲ್ಲಿ ಲೋಕಲ್ ಟ್ಯಾಕ್ಸಿ ಹಿಡಿದ್ರೆ ಕುಮಟಾಕ್ಕೆ ಹೇಳೋ ರೇಟು ಕೇಳಿ ಹುಡುಗ ಹೆದರಿ ಅಲ್ಲೇ ಕೂತ, ನಮ್ಮ ಕಾರು ದಾಬೋಲಿಂನಿಂದ ಹೋಗಿ ಕರ್ಕೊಂಡು ಬರ್ಬೇಕಾಯ್ತು. ಮನೆಯಲ್ಲಿ ಅಮ್ಮ ಬೆಳಿಗ್ಗೆ ತಿಂಡಿಗೆ ಕಾಯ್ತಿದ್ದೋರು ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದ್ರು. ದೂರದಿಂದ ಎರಡು ವರ್ಷಕ್ಕೊಮ್ಮೆ ಬರೋ ಮಕ್ಕಳಿಗೆ ಒಂದು ಹಗಲು ಸುಮ್ಮನೆ ಹೋದ್ರೆ ಅದು ಸಣ್ಣ ನಷ್ಟ ಅಲ್ಲ.

ಇನ್ನು ಮಳೆಗಾಲ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದಿದ್ದು ಯಾರೂ ಮರೆಯೋ ಹಾಗಿಲ್ಲ, ಹೆದ್ದಾರಿ ಪಕ್ಕದ ಚಹಾ ಅಂಗಡಿಯವರು, ಲಾರಿಯವರು ಜೀವ ಕಳ್ಕೊಂಡ್ರು, ಗಂಗಾವಳಿಯಲ್ಲಿ ತಿಂಗಳುಗಟ್ಟಲೆ ಹುಡುಕಾಟ ನಡೀತು. ಅಂಕೋಲಾ ಕುಮಟಾ ಮಧ್ಯೆ ರಾಷ್ಟ್ರೀಯ ಹೆದ್ದಾರಿ 66 ಎಷ್ಟೋ ದಿನ ಬಂದ್. ಅದಾಗಿ ಒಂದು ತಿಂಗಳೂ ಆಗಿರ್ಲಿಲ್ಲ, ಆಗಸ್ಟ್ 7ರ ಮಧ್ಯರಾತ್ರಿ ಕೋಡಿಬಾಗ ಸದಾಶಿವಗಡ ಮಧ್ಯದ ಹಳೇ ಕಾಳಿ ಸೇತುವೆ ಬಿತ್ತು, ಲಾರಿಯೊಂದು ಹೊಳೆಗೆ ಹೋಯ್ತು, ಡ್ರೈವರ್ ಬದುಕಿದ್ದು ಪುಣ್ಯ. ಗೋವಾಕ್ಕೆ ಹೋಗೋ ಬರೋ ಎಲ್ಲ ವಾಹನ ಹೊಸ ಸೇತುವೆ ಒಂದ್ರ ಮೇಲೆ. ಆ ತಿಂಗಳಲ್ಲಿ ಕುಮಟಾದಿಂದ ದಾಬೋಲಿಂಗೆ ಎಷ್ಟು ಹೊತ್ತು ಅಂತ ಯಾರಾದ್ರೂ ಕೇಳಿದ್ರೆ ಯಾವ ಬಾಕ್ಸಲ್ಲಿ ನೋಡಿ ಹೇಳೋದಿತ್ತು? ಗೆರೆ ದೂರ ಒಂದು ಮೀಟರೂ ಬದಲಾಗಿರ್ಲಿಲ್ಲ. ದೇವಿಮನೆ ಘಟ್ಟದ ರಸ್ತೆ ಅಗಲ ಮಾಡೋ ಕೆಲಸ ಶುರು ಆದ್ಮೇಲೆ ಶಿರಸಿ ಕುಮಟಾ ಅರವತ್ತು ಕಿಲೋಮೀಟರ್ ಎಷ್ಟು ಹೊತ್ತು ಅಂತ ಹೇಳೋದೇ ಕಷ್ಟ, ಬಂದ್ ಮಾಡಿದಾಗ ಸುತ್ತಿ ಬರ್ಬೇಕು. ಅರಬೈಲಲ್ಲಿ ಒಂದು ಲಾರಿ ತಿರುವಲ್ಲಿ ಅಡ್ಡ ನಿಂತ್ರೆ ಕ್ರೇನ್ ಬರೋವರೆಗೆ ಎರಡೂ ಕಡೆ ಸಾಲು, ಅದ್ರಲ್ಲಿ ಸಿಕ್ಕಿಬಿದ್ದ ಪ್ಯಾಸೆಂಜರ್ ಫೋನ್ ಮಾಡಿ ಸ್ವಲ್ಪ ವಿಮಾನದವರಿಗೆ ಹೇಳೋಕಾಗ್ತದಾ ಅಂತ ಕೇಳುವಾಗ ನನಗೆ ಹೊಟ್ಟೆ ಕಿವುಚಿದ ಹಾಗಾಗ್ತದೆ. ಯಾರಿಗೆ ಹೇಳೋದು, ಗೇಟ್ ಕ್ಲೋಸ್ ಅಂದ್ರೆ ಕ್ಲೋಸ್. ಹುಬ್ಬಳ್ಳಿ ದಾರಿ ಹಿಡಿಯೋರಿಗೆ ಜೂನ್‌ನಿಂದ ಸೆಪ್ಟೆಂಬರವರೆಗೆ ನಾನು ಎರಡು ಗಂಟೆ ಹೆಚ್ಚು ಇಟ್ಕೊಳ್ಳಿ ಅಂತ್ಲೇ ಹೇಳೋದು. ಮೇಲೆ ಕೂಡ ಮಳೆಗಾಲ ಇರ್ತದೆ ಅನ್ನೋದು ಮರೀಬೇಡಿ, ಮೋಡ ಕೆಳಗೆ ಬಂದು ರನ್‌ವೇ ಕಾಣದೇ ಇದ್ರೆ ವಿಮಾನ ಸುತ್ತು ಹೊಡೀತಾ ಕಾಯ್ತದೆ, ಆಮೇಲೆ ಬೇರೆ ನಿಲ್ದಾಣಕ್ಕೆ ತಿರುಗ್ತದೆ. ಪಕ್ಕದ ಏರ್‌ಪೋರ್ಟ್ ಹತ್ರ ಇದ್ರೆ ನಿಜವಾಗಿ ಉಪಯೋಗ ಆಗೋದು ಇಂಥ ಹೊತ್ತಲ್ಲಿ, ಇಂಧನ ಮುಗಿಯೋ ಮೊದಲು ಇಳಿಯೋಕೊಂದು ಜಾಗ ಇರ್ತದೆ. ಆ ದೃಷ್ಟಿಯಿಂದ ನಿಲ್ದಾಣದ ಮಧ್ಯದ ಗೆರೆ ದೂರ ಪೈಲಟ್‌ಗೆ ಬೇಕು, ಒಪ್ಪಿದೆ. ನಮಗಲ್ಲ.

ಅಲಗೇರಿ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡ್ತೇನೆ. ಸೀಬರ್ಡ್ ನೌಕಾನೆಲೆಗೆ ಜಾಗ ಕೊಟ್ಟವರು, ಕೊಂಕಣ ರೈಲ್ವೆಗೆ ಕೊಟ್ಟವರು, ಹೆದ್ದಾರಿ ಅಗಲ ಮಾಡೋಕೆ ಕೊಟ್ಟವರು ಅಂಕೋಲಾ ಕಾರವಾರದ ಜನ. ಈಗ ಅಲಗೇರಿ, ಬೇಲೇಕೇರಿ, ಭಾವಿಕೇರಿ ಕಡೆ ಮತ್ತೆ ಕೇಳಿದ್ದಾರೆ. ನೌಕಾಪಡೆಗೆ ರನ್‌ವೇ ಬೇಕು, ಅದ್ರ ಪಕ್ಕ ಜನರ ವಿಮಾನಕ್ಕೂ ಒಂದು ಟರ್ಮಿನಲ್ ಆಗಲಿ ಅನ್ನೋದು ಒಳ್ಳೇದೇ, ನನಗೆ ಖುಷಿಯೇ, ಕುಮಟಾದಿಂದ ಮುಕ್ಕಾಲು ಗಂಟೆ ಆಗ್ತದೆ ಏರ್‌ಪೋರ್ಟು. ಆದ್ರೆ ಅಲಗೇರಿಯಿಂದ ಗೋವಾಕ್ಕೆ ಹತ್ತು ನಿಮಿಷ, ಹುಬ್ಬಳ್ಳಿಗೆ ಹದಿನೈದು ನಿಮಿಷ ಅಂತ ಆಸೆ ತೋರಿಸಿ ಜಾಗ ಕೇಳ್ಬೇಡಿ, ಆ ವಿಮಾನ ಹಾರೋದಿಲ್ಲ, ಹಾರಿದ್ರೂ ಉಳಿಯೋದಿಲ್ಲ. ಅಲ್ಲಿಂದ ಹಾರ್ಬೇಕಾದ್ದು ಬೆಂಗಳೂರಿಗೆ, ಮುಂಬೈಗೆ, ಹೈದರಾಬಾದಿಗೆ. ಜಾಗ ಕೊಡೋರಿಗೆ ಈ ಲೆಕ್ಕವನ್ನ ನೇರವಾಗಿ ಹೇಳಿ, ಪರಿಹಾರವನ್ನೂ ನೇರವಾಗಿ ಕೊಡಿ. ಬೇಡ ಅನ್ನೋರಿಗೂ ಇದೇ ಹೇಳ್ತೇನೆ, ಗೋವಾ ತೊಂಬತ್ತೇ ಕಿಲೋಮೀಟರ್ ಅನ್ನೋ ವಾದ ಹೊನ್ನಾವರದ ಗೇರುಸೊಪ್ಪೆ ಕಡೆಯಿಂದ ರೋಗಿಯನ್ನ ಕರ್ಕೊಂಡು ಹೊರಡೋ ಮನೆಯವರ ಎದುರು ನಿಲ್ಲೋಲ್ಲ. ಹಳೇ ಏರ್‌ಪೋರ್ಟಿನಿಂದ 150 ಕಿಲೋಮೀಟರ್ ಒಳಗೆ ಹೊಸದು ಸಾಮಾನ್ಯವಾಗಿ ಬೇಡ ಅಂತ 2008ರ ಕೇಂದ್ರದ ನೀತಿ ಇದೆ, ಅದೂ ಗೆರೆ ದೂರದ ಮೇಲೇ ಇರೋದು, ಹಾಗಿದ್ದೂ ನಲವತ್ತು ಕಿಲೋಮೀಟರಲ್ಲಿ ಮೋಪಾ ಆಯ್ತಲ್ಲ. ಬಯಲಿನ 150 ಕಿಲೋಮೀಟರ್ ಬೇರೆ, ಘಟ್ಟದ 150 ಕಿಲೋಮೀಟರ್ ಬೇರೆ, ಅದನ್ನ ದಿಲ್ಲಿಯಲ್ಲಿ ಕೂತವರಿಗೆ ತಿಳಿಸೋದು ನಿಮ್ಮಂಥ ಪತ್ರಿಕೆ ಕೆಲಸ.

ಅಲ್ಲಿವರೆಗೆ ಆಗಬಹುದಾದ ಕೆಲಸ ಇದೆ, ಅದಕ್ಕೆ ಎಕರೆಗಟ್ಟಲೆ ಜಾಗ ಬೇಡ. ಶಿರಸಿಯಿಂದ, ಯಲ್ಲಾಪುರದಿಂದ ಹುಬ್ಬಳ್ಳಿಗೆ ದಿನಾ ಎಷ್ಟೋ ವಾಯವ್ಯ ಸಾರಿಗೆ ಬಸ್ಸು ಹೋಗ್ತವೆ. ಹುಬ್ಬಳ್ಳಿಯ ಹೊಸ ಬಸ್ ಸ್ಟ್ಯಾಂಡ್ ಇರೋದು ಗೋಕುಲ ರಸ್ತೆಯಲ್ಲಿ, ಏರ್‌ಪೋರ್ಟ್ ಇರೋದೂ ಗೋಕುಲ ರಸ್ತೆಯಲ್ಲೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಬಸ್ಸನ್ನ ವಿಮಾನದ ಟೈಮ್ ನೋಡಿ ಏರ್‌ಪೋರ್ಟ್ ಬಾಗಿಲವರೆಗೆ ಬಿಟ್ರೆ ಕಾರಿಗೆ ಸಾವಿರಾರು ರೂಪಾಯಿ ಕೊಡಲಾಗದವರೂ ಹೋಗಬಹುದು. ಬೆಂಗಳೂರು ಏರ್‌ಪೋರ್ಟಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಬಿಟ್ಟಿದೆ, ಇದೇನು ಹೊಸ ಕಲ್ಪನೆ ಅಲ್ಲ. ಕಾರವಾರದಿಂದ ದಾಬೋಲಿಂಗೂ ಹೀಗೇ ಆಗ್ಬೇಕು. ಈಗ ಬಸ್ಸಲ್ಲಿ ಮಡಗಾಂವಿಗೆ ಹೋಗಿ ಅಲ್ಲಿಂದ ಬ್ಯಾಗ್ ಹೊತ್ತು ಮತ್ತೊಂದು ಬಸ್ಸು ಹುಡುಕ್ಬೇಕು, ರೈಲಲ್ಲಿ ಹೋದ್ರೂ ಸ್ಟೇಷನ್‌ನಿಂದ ಟ್ಯಾಕ್ಸಿ. ಮಂಗಳೂರು ಮಡಗಾಂವ್ ವಂದೇ ಭಾರತ್ ಕಾರವಾರದಲ್ಲಿ ನಿಲ್ತದೆ, ಕುಮಟಾ ಅಂಕೋಲಾದವರಿಗೆ ಅದೂ ಇಲ್ಲ.

ನಿಮ್ಮಲ್ಲಿ ಕೇಳೋದು ಇಷ್ಟು, ಮುಂದಿನ ಸಲ ಆ ಬಾಕ್ಸ್ ಹಾಕುವಾಗ ತಾಲ್ಲೂಕುವಾರು ಹಾಕಿ. ರಸ್ತೆಯ ಕಿಲೋಮೀಟರ್, ಬೇಸಿಗೆಯಲ್ಲಿ ಹಿಡಿಯೋ ಹೊತ್ತು, ಮಳೆಗಾಲದಲ್ಲಿ ಹಿಡಿಯೋ ಹೊತ್ತು, ಬಸ್ಸು ಎಲ್ಲಿವರೆಗೆ ಸಿಗ್ತದೆ, ಇದು ಸಾಕು. ಗೆರೆ ದೂರ ಹಾಕ್ಲೇಬೇಕು ಅಂದ್ರೆ ಪಕ್ಕದಲ್ಲಿ ನೇರ ದೂರ ಅಂತ ಬರೀರಿ. ಗೋವಾ ಅಂದಲ್ಲಿ ದಾಬೋಲಿಂ, ಮೋಪಾ ಎರಡನ್ನೂ ಬೇರೆ ಬೇರೆ ಸಾಲಲ್ಲಿ ಹಾಕಿ. ನಿಮ್ಮ ವರದಿಗಾರರು ಎಲ್ಲ ತಾಲ್ಲೂಕಲ್ಲೂ ಇದ್ದಾರೆ, ಏರ್‌ಪೋರ್ಟಿಗೆ ಬಾಡಿಗೆ ಹೋಗೋ ಡ್ರೈವರುಗಳನ್ನ ಕೇಳಿದ್ರೆ ಒಂದೇ ದಿನದಲ್ಲಿ ಲೆಕ್ಕ ಸಿಗ್ತದೆ. ಕುಮಟಾ ಹೊನ್ನಾವರದ ಲೆಕ್ಕ ನಾನೇ ಬರೆದು ಕೊಡ್ತೇನೆ, ಮಳೆ ಶುರು ಆಗೋ ಮೊದಲು ಪ್ರಕಟ ಆದ್ರೆ ಅಂಗಡಿ ಗೋಡೆಗೆ ಅದನ್ನೇ ಅಂಟಿಸ್ತೇನೆ.

ಇಂತಿ ನಿಮ್ಮ ಓದುಗ,
ಟಿಕೆಟ್ ಬುಕಿಂಗ್ ಅಂಗಡಿಯವ,
ಕುಮಟಾ